ಪಟಾಲಂ ಚೀಲದ ಮೂರು ಕೆಂಪೆಳೆ

ಹೋದ ಭಾನುವಾರ ಬಕೆಟ್ಟಿನಲ್ಲಿ ನೆನೆಹಾಕಿದ್ದ ಬಟ್ಟೆ ಎತ್ತಿದಾಗ ನೀರು ತೆಳುಗೆಂಪಾಗಿತ್ತು. ದಿಂಬಿನ ಬಿಳಿ ಗವಸಿನ ಮೇಲೆ, ಟವೆಲಿನ ಅಂಚು ತಾಗಿಕೊಂಡಿದ್ದ ಕಡೆ, ಗೇಣುದ್ದದ ಕೆಂಪು ಗೆರೆ ಬಿದ್ದಿತ್ತು. ತಿರುಪ್ಪೂರಿನ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ, ಬಟ್ಟೆ ಬಣ್ಣ ಬಿಡುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ನನ್ನ ಕೆಲಸ. ನನ್ನ ಬಕೆಟ್ಟಿನಲ್ಲೇ ಹೀಗಾಯಿತೆಂದರೆ ಲ್ಯಾಬಿನವರು ನಗುತ್ತಾರೆ. ಆದರೂ ನಾನು ಗವಸನ್ನು ಉಜ್ಜಲಿಲ್ಲ. ಬಿಸಿ ಸೋಪುನೀರಿನ ವಾಸನೆಯಲ್ಲಿ ಸ್ವಲ್ಪ ಹೊತ್ತು ಹಾಗೇ ಕುಕ್ಕರಗಾಲಲ್ಲಿ ಕೂತಿದ್ದೆ. ಪೆರಿಯನಾಯಕನಪಾಳ್ಯಂನಲ್ಲಿ ಕಳೆದ ಒಂದು ಮಳೆಗಾಲ ಆ ವಾಸನೆಯ ಜೊತೆ ಎದ್ದು ಬಂತು. ನಡೆದದ್ದನ್ನು ನಡೆದ ಹಾಗೆಯೇ ಬರೆಯಬೇಕೆಂದು ಆಗಿನಿಂದಲೂ ಅಂದುಕೊಂಡಿದ್ದೆ.

ನಾನು ಕೊಳ್ಳೇಗಾಲದ ಕಡೆಯವಳು. ಕೊಯಮತ್ತೂರಿನಿಂದ ಮೆಟ್ಟುಪಾಳ್ಯಂಗೆ ಹೋಗುವ ದಾರಿಯಲ್ಲಿದ್ದ ಒಂದು ಮಿಲ್ಲಿನ ಲ್ಯಾಬಿಗೆ ಕೆಲಸಕ್ಕೆ ಸೇರಿದ ವರ್ಷ, ನೇಕಾರರ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಮನೆ ನೋಡಲು ಹೋದಾಗ ನನ್ನ ಹರಕು ತಮಿಳು ಕೇಳಿ ಒಳಗಿನಿಂದ ಒಬ್ಬ ಮುದುಕರು ಕನ್ನಡದಲ್ಲೇ ಕೂಗಿದರು.

"ಯಾರ ಅದು, ತಮಿಳನ್ನ ಇಷ್ಟು ಕಷ್ಟಪಟ್ಟು ಮಾತಾಡೋದು? ಕನ್ನಡದೋರಾ?"

"ಹೌದು ತಾತ."

"ಹಂಗಾದ್ರೆ ಒಳಕ್ಕೆ ಬಾ ಅಮ್ಮಣಿ. ಯಾವ ಊರು?"

ಹೇಳಿದೆ. ನಾಲ್ಕು ಮಾತು ಕೇಳಿಸಿಕೊಂಡು ಸೊಸೆಯ ಕಡೆ ತಿರುಗಿದರು. "ಸಾವಿತ್ರಿ, ಈ ಅಮ್ಮಣಿ ರೇಡಿಯೋ ಕನ್ನಡ ಮಾತಾಡ್ತಾಳೆ. ಕೋಣೆ ಕೊಟ್ಟುಬಿಡು, ಮನೇಲಿ ಒಂದು ರೇಡಿಯೋ ಇರಲಿ."

ಅವರ ಹೆಸರು ರಾಮಲಿಂಗಂ. ಎಷ್ಟೋ ತಲೆಮಾರಿನಿಂದ ಅಲ್ಲೇ ನೆಲೆಸಿದ ಕನ್ನಡದ ನೇಕಾರರ ಮನೆ. ಕನ್ನಡ ಅಕ್ಷರ ಯಾರಿಗೂ ಬರುತ್ತಿರಲಿಲ್ಲ. ಮಗ ಲಾರಿಯ ಮೇಲೆ ಊರೂರು ತಿರುಗುತ್ತಿದ್ದ. ಸೊಸೆ ಸಾವಿತ್ರಿ ಅಕ್ಕ ನೂಲಿನ ಮಿಲ್ಲಿಗೆ ಹೋಗುತ್ತಿದ್ದರು. ಬೀದಿಯ ತುಂಬ ಪವರ್‌ಲೂಮುಗಳ ಸದ್ದು. ಈ ಮನೆಯ ನಡುಮನೆಯಲ್ಲಿ ಮಾತ್ರ ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂರುವ ಹಳೆಯ ಕೈಮಗ್ಗವಿತ್ತು. ತಾತ ದಿನಕ್ಕೊಂದಿಷ್ಟು ಟವೆಲ್ ನೇಯುತ್ತಿದ್ದರು. ಪ್ರತಿ ಟವೆಲಿನ ಒಂದು ಅಂಚಿನಲ್ಲೂ ಏಳು ಬಣ್ಣದೆಳೆ ಉದ್ದಕ್ಕೂ ಓಡುತ್ತಿದ್ದವು: ಎರಡು ನೀಲಿ, ಮೂರು ಕೆಂಪು, ಮತ್ತೆ ಎರಡು ನೀಲಿ. ಯಾರ ಮನೆಯ ಬಟ್ಟೆ ಎಂದು ವ್ಯಾಪಾರಿಗೆ ತಿಳಿಯಲೆಂದು ಹಿಂದೆ ಒಂದೊಂದು ಮನೆಗೂ ಒಂದೊಂದು ಗೆರೆ ಇತ್ತಂತೆ. ಈಗ ಗೆರೆ ಇಡುವವರು ಇವರೊಬ್ಬರೇ.

"ನಮ್ಮ ಗೆರೆ ಪಟಾಲಂ ನೋಡಿದ ಗೆರೆ," ಎಂದು ತಾತ ಮೊದಲ ವಾರವೇ ಹೇಳಿದರು.

ಆ ಕಥೆ ಇಷ್ಟು. ಬೆಟ್ಟಕ್ಕೆ ರೈಲು ಬರುವ ಮುಂಚೆ, ಕೆಂಪು ಕೋಟಿನ ಒಂದು ಬಿಳಿಯರ ಪಟಾಲಂ ಬರ್ಮಾದ ಯುದ್ಧ ಮುಗಿಸಿ, ಜ್ವರ ಹೊತ್ತುಕೊಂಡು, ನೀಲಗಿರಿಗೆ ಹೋಗಲು ಈ ದಾರಿಯಲ್ಲಿ ಬಂತು. ಎತ್ತುಗಳು ಸಿಗದೆ ಬೆಟ್ಟದ ಬುಡದಲ್ಲಿ ಒಂದು ಮಳೆಗಾಲ ಪೂರ್ತಿ ಬಿಡಾರ ಹಾಕಿತು. ಸಿಪಾಯಿಗಳ ಹೆಗಲಚೀಲಗಳು ಕೊಳೆತುಹೋಗಿದ್ದವು. ಚೀಲಕ್ಕೆ ದಪ್ಪ ಬಿಳಿ ಬಟ್ಟೆ ಬೇಕೆಂದು ಬೀದಿಗೆ ಆಳು ಬಂದಾಗ, ಪಟಾಲಂ ಜೊತೆ ವಾಂತಿಭೇದಿಯೂ ಬಂದಿದೆ ಎಂದು ಹೆದರಿ ಎಲ್ಲ ಮನೆಯವರೂ ತೋಟಗಳ ಕಡೆ ಓಡಿದರು. ತಾತನ ಮುತ್ತಾತನ ತಂದೆ ಚೌಡಯ್ಯ ಒಬ್ಬನೇ ಉಳಿದು ನೇಯ್ದ. ಕೊನೆಯ ತುಂಡು ಮಗ್ಗದ ಮೇಲಿರುವಾಗಲೇ ಅದೇ ಕಾಯಿಲೆಯಲ್ಲಿ ತೀರಿಕೊಂಡ. ಮಗ್ಗದಿಂದ ಕತ್ತರಿಸಿ ತೆಗೆದ ಆ ತುಂಡು ಹಿತ್ತಾಳೆಯ ಡಬ್ಬಿಯಲ್ಲಿ ಇತ್ತು. ಅಂಗೈಯಗಲ, ಸುಮಾರು ಮುಕ್ಕಾಲು ಗೇಣು ಉದ್ದ. ನೀರು ಕಾಣದ ಬಟ್ಟೆ. ವರ್ಷಕ್ಕೊಂದು ಸಲ, ಆಷಾಢದ ಆಡಿ ಅಮಾವಾಸ್ಯೆಗೆ ಹೊರಗೆ ತೆಗೆದು, ಹಿರಿಯರ ಹೆಸರು ಹೇಳಿ, ಮತ್ತೆ ಒಳಗಿಡುತ್ತಿದ್ದರು.

ಈ ಕಥೆಯನ್ನು ಬರೆದಿಡಲು ಒಬ್ಬರು ಸಿಕ್ಕಿದ್ದರು. ಮೆಟ್ಟುಪಾಳ್ಯಂನ ಸೆಲ್ವಿ ಟೀಚರ್, ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಅದೇ ರೆಜಿಮೆಂಟಿನ ಚರಿತ್ರೆ ಬರೆಯುತ್ತಿದ್ದರು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ತಾತನ ಮಗ್ಗದ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಅವರದು ತಮಿಳು. ಅವರ ಮಾತನ್ನು ಇಲ್ಲಿ ನಾನು ಕನ್ನಡದಲ್ಲಿ ಹಾಕುತ್ತಿದ್ದೇನೆ.

"ಇಂಗ್ಲಿಷಿನಲ್ಲಿ ಈ ರೆಜಿಮೆಂಟಿನ ಬಗ್ಗೆ ಮೂರು ಸಂಪುಟ ಇವೆ," ಎಂದರು, ನನ್ನನ್ನು ಮೊದಲ ಸಲ ಕಂಡಾಗ. "ಯಾವ ಹಡಗಿನಲ್ಲಿ ಬಂದರು, ಮದ್ರಾಸಿನಲ್ಲಿ ಎಲ್ಲಿ ಇಳಿದರು, ಯಾವ ಅಧಿಕಾರಿ ಎಲ್ಲಿ ಸತ್ತ, ಎಲ್ಲ ಇದೆ. ಪಟಾಲಂ ಸಾಕಿದ ನಾಯಿಯ ಹೆಸರೂ ಇದೆ. ಅನ್ನ ಬೇಯಿಸಿದವರು, ಬಟ್ಟೆ ಒಗೆದವರು, ಗಾಡಿ ಹೊಡೆದವರು, ಒಬ್ಬರ ಹೆಸರೂ ಇಲ್ಲ. ನಾನು ನಾಲ್ಕನೇ ಸಂಪುಟ ಬರೀತಿದ್ದೀನಿ ಅಂದುಕೊ."

"ನಾಯಿ ಹೆಸರು ಏನುಂಗ ಟೀಚರ್?" ಎಂದು ತಾತ ಪ್ರತಿ ಸಲವೂ ಕೇಳುತ್ತಿದ್ದರು.

"ಬಾಬ್."

"ಬಾಬ್‌ಗೆ ಜಾಗ ಉಂಟು, ಚೌಡಯ್ಯಂಗೆ ಇಲ್ಲ. ನೋಡಿದ್ಯಾ ಅಮ್ಮಣಿ? ಅವನೂ ಬಾಲ ಆಡಿಸಿದ್ರೆ ಬರೀತಿದ್ರೋ ಏನೋ."

ನಗುತ್ತಲೇ ಹೇಳುತ್ತಿದ್ದರು. ಆದರೆ ಲಾಳಿ ನಿಂತಿರುತ್ತಿತ್ತು. ಮಾವನ ಕಣ್ಣಿಗೆ ಪೊರೆ ಬರುತ್ತಿದೆ, ಅದು ಪೂರ್ತಿ ಮುಚ್ಚುವ ಮುಂಚೆ ಚೌಡಯ್ಯನ ಹೆಸರು ಅಚ್ಚಾದದ್ದನ್ನು ತಾವೇ ಓದಬೇಕು ಎಂಬುದು ಅವರ ಒಂದೇ ಆಸೆ ಎಂದು ಸಾವಿತ್ರಿ ಅಕ್ಕ ನನಗೆ ಒಲೆಯ ಮುಂದೆ ಹೇಳಿದ್ದರು.

ಟೀಚರ್ ಕಟ್ಟುನಿಟ್ಟಿನವರು. ಬಾಯಿಮಾತನ್ನು ಬಾಯಿಮಾತು ಎಂದೇ ಬರೆಯುತ್ತೇನೆ, ಕೈಗೆ ಸಿಗುವ ಸಾಕ್ಷಿ ಬೇಕು ಎನ್ನುತ್ತಿದ್ದರು. ಇಂಗ್ಲೆಂಡಿನ ಒಂದು ಸಣ್ಣ ಊರಿನ ಮ್ಯೂಸಿಯಂಗೆ ಬರೆದು ಬರೆದು, ಕೊನೆಗೆ ದೀಪಾವಳಿಯ ಮುಂಚಿನ ವಾರ ಅಲ್ಲಿಂದ ಒಂದು ಫೋಟೋ ತರಿಸಿದರು. ಆ ಪಟಾಲಂನ ಒಬ್ಬ ಸಿಪಾಯಿ ಊರಿಗೆ ಹೊತ್ತುಕೊಂಡು ಹೋಗಿದ್ದ ಹೆಗಲಚೀಲ. ಹೊಲಿಗೆಯ ಪಕ್ಕದಲ್ಲಿ ಬಟ್ಟೆಯ ಅಂಚು ಕಾಣುತ್ತಿತ್ತು. ಅಂಚಿನಲ್ಲಿ ಗೆರೆ ಇತ್ತು.

ತಾತ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಎರಡು ನೀಲಿ. ನಡುವೆ ಬರಿ ಬಿಳಿ. ಮತ್ತೆ ಎರಡು ನೀಲಿ.

"ಕೆಂಪು ಇಲ್ಲ," ಎಂದರು.

ಟೀಚರ್ ನಿಧಾನವಾಗಿ ಹೇಳಿದರು. "ಕೆಳಬೀದಿಯಲ್ಲಿ ಒಂದು ಮನೆಯ ಗೆರೆ ಹೀಗೇ ಇತ್ತು ಅಂತ ನೀವೇ ಹೇಳಿದ್ದಿರಿ. ಕೆಂಪಿಲ್ಲದೆ, ಬರೀ ನೀಲಿ."

"ಅವರಾ!" ತಾತ ಗುಂಡಿಯಿಂದ ಅರ್ಧ ಎದ್ದರು. "ಟೀಚರ್, ಪಟಾಲಂ ಬಂತು ಅಂದ ಕೂಡ್ಲೆ ಮೊದಲು ಓಡಿದೋರು ಅವರು. ಮಡಕೆಲಿದ್ದ ಗಂಜೀನೂ ಬಿಟ್ಟು ಓಡಿದ್ರಂತೆ."

"ಇರಬಹುದು. ಆದರೆ ಚೀಲ ಅವರ ಗೆರೆ ತೋರಿಸ್ತಿದೆ. ನಾನು ಚೀಲ ಹೇಳಿದ್ದನ್ನೇ ಬರೀಬೇಕು."

ಆಮೇಲೆ ನನ್ನನ್ನು ಕೇಳಿದರು, ಲ್ಯಾಬಿನ ದೀಪದ ಪೆಟ್ಟಿಗೆಯಲ್ಲಿ ಹಳೆಯ ತುಂಡನ್ನು ಇಟ್ಟು, ದೊಡ್ಡದು ಮಾಡಿ ಒಂದು ಫೋಟೋ ತೆಗೆದು ಕೊಡಬಹುದೇ, ನೀಲಿಗೆ ನೀಲಿಯಾದರೂ ಹೋಲಿಸಿ ನೋಡೋಣ ಎಂದು. ತಾತ ಡಬ್ಬಿ ತೆರೆದು, ತುಂಡನ್ನು ಎರಡೂ ಕೈಯಲ್ಲಿ ಕೊಟ್ಟರು. "ಒಂದೇ ದಿನ," ಎಂದರು.

ಮಾರನೆಯ ಬೆಳಗ್ಗೆ ಮಳೆ ಹಿಡಿದಿತ್ತು. ಅಲ್ಲಿ ದೊಡ್ಡ ಮಳೆ ಬರುವುದೇ ದೀಪಾವಳಿಯ ಸುತ್ತಮುತ್ತ. ಉತ್ತರದ ಬೆಟ್ಟದ ಗೋಡೆ ಇಡೀ ಮಾಯವಾಗಿರುತ್ತದೆ. ಬಟ್ಟೆ ನೆನೆಯಬಾರದೆಂದು ನಾನು ಅದನ್ನು ಲ್ಯಾಬಿನ ಕಂದು ಕವರಿನಲ್ಲಿ ಹಾಕಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ ತೆಗೆದುಕೊಂಡು ಹೋದೆ. ಲ್ಯಾಬಿಗೆ ಹೋದವಳೇ ಪ್ಲಾಸ್ಟಿಕ್ ಬಿಚ್ಚಿ ಕವರನ್ನು ಮೇಜಿನ ಮೇಲಿಟ್ಟೆ. ಮೇಜಿನ ಮೇಲೆ ಅಂಥದೇ ಕವರುಗಳು ಇಪ್ಪತ್ತರ ಮೇಲಿದ್ದವು. ಒಂದು ಟವೆಲಿನ ಆರ್ಡರಿನಲ್ಲಿ ಅಂಚು ಬಣ್ಣ ಬಿಡುತ್ತಿದೆ ಎಂದು ದೂರು ಬಂದಿತ್ತು. ಮ್ಯಾನೇಜರ್ ಎರಡು ಸಲ ಫೋನ್ ಮಾಡಿದ್ದರು. ನಾನು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಒಂದೊಂದೇ ಕವರ್ ತೆರೆದು, ಅಳತೆಗೆ ಕತ್ತರಿಸಿ, ಅದೇ ಅಳತೆಯ ಶುದ್ಧ ಬಿಳಿ ಬಟ್ಟೆಯೊಂದನ್ನು ಅದಕ್ಕೆ ಜೋಡಿಸಿ ಹೊಲಿದು, ಸೋಪುನೀರಿನ ಡಬ್ಬಿಗೆ ಹಾಕುತ್ತಿದ್ದೆ. ಬಣ್ಣ ಬಿಟ್ಟರೆ ಪಕ್ಕದ ಬಿಳಿ ಬಟ್ಟೆಗೆ ಹತ್ತುತ್ತದೆ. ಅದನ್ನು ನೋಡಿಯೇ ನಾವು ತೀರ್ಪು ಹೇಳುವುದು.

ಡಬ್ಬಿಗಳನ್ನು ಯಂತ್ರಕ್ಕೆ ಹಾಕಿದೆ. ಐದು ನಿಮಿಷ ತಿರುಗಿರಬಹುದು, ಕರೆಂಟು ಹೋಯಿತು. ಮಳೆಗೆ ಎಲ್ಲೋ ತಂತಿ ಬಿದ್ದಿತ್ತು. ಬಟ್ಟೆಗಳು ಬಿಸಿ ಸೋಪುನೀರಿನಲ್ಲಿ ಅಲುಗದೆ ಬಿದ್ದಿದ್ದವು. ಊಟ ಮಾಡಿ ಬಂದೆ. ಕರೆಂಟು ಬಂದಿರಲಿಲ್ಲ. ಸುಮ್ಮನೆ ಕೂತಿರುವುದೇಕೆ, ತಾತನ ತುಂಡಿನ ಫೋಟೋವನ್ನಾದರೂ ಕಿಟಕಿಯ ಬೆಳಕಿನಲ್ಲಿ ತೆಗೆಯೋಣ ಎಂದು ಕವರ್ ಹುಡುಕಿದೆ.

ಕವರ್ ಇತ್ತು. ಖಾಲಿ ಇತ್ತು.

ಯಾರನ್ನೂ ದೂರುವ ಹಾಗಿರಲಿಲ್ಲ. ಕತ್ತರಿ ನನ್ನ ಕೈಯಲ್ಲೇ ಇತ್ತು. ಡಬ್ಬಿಗಳನ್ನು ಒಂದೊಂದಾಗಿ ತೆರೆದೆ. ಏಳನೆಯದರಲ್ಲಿ ಸಿಕ್ಕಿತು. ಎರಡು ನೀಲಿ ಗಟ್ಟಿಯಾಗಿ ಹಾಗೇ ಇದ್ದವು. ನಡುವೆ ಮೂರು ಎಳೆ, ಗಂಜಿಯ ಬಣ್ಣಕ್ಕೆ ತಿರುಗಿದ್ದವು. ಮತ್ತೆ ಎರಡು ನೀಲಿ. ನೂರು ವರ್ಷಕ್ಕೂ ಹೆಚ್ಚು ಕಾಲ ನೀರು ಕಾಣದಿದ್ದ ಕೆಂಪು ಒಂದು ಊಟದ ಹೊತ್ತಿನಲ್ಲಿ ಹೋಗಿತ್ತು. ಮೇಜಿನ ಕೆಳಗಿನ ಕಸದ ಬುಟ್ಟಿಯಲ್ಲಿ ಕೈಯಾಡಿಸಿ, ಅಳತೆಗೆ ಕತ್ತರಿಸುವಾಗ ಬಿದ್ದ ಬೆರಳಗಲದ ಚೂರನ್ನು ಹುಡುಕಿದೆ. ಅದರಲ್ಲಿ ಮಾತ್ರ ಕೆಂಪು ಉಳಿದಿತ್ತು. ಚೂರನ್ನು ಕವರಿಗೆ ಹಾಕಿಕೊಂಡೆ.

ರಜೆ ಹಾಕಿ ಮನೆಗೆ ನಡೆದೆ. ಸುಳ್ಳು ಹೇಳುವ ಯೋಚನೆ ಬರಲಿಲ್ಲ ಎಂದರೆ ಅದೇ ಸುಳ್ಳಾಗುತ್ತದೆ. ಮಳೆಯಲ್ಲಿ ಬಿದ್ದುಹೋಯಿತು ಎನ್ನಬಹುದಿತ್ತು. ಬಸ್ ನಿಲ್ದಾಣದವರೆಗೂ ಆ ಮಾತು ನನ್ನ ಜೊತೆ ಬಂತು. ಮನೆಯ ಬಾಗಿಲಲ್ಲಿ ಲಾಳಿಯ ಸದ್ದು ಕೇಳಿಸಿದಾಗ ಬಿಟ್ಟುಹೋಯಿತು.

ಎಲ್ಲವನ್ನೂ ಹೇಳಿದೆ. ಸಾವಿತ್ರಿ ಅಕ್ಕ ಮೊದಲು ಮಾತಾಡಿದರು.

"ಅಯ್ಯಯ್ಯೋ! ಸೋಪು ಹಾಕಿ ತೊಳೆದ್ಯಾ? ನನ್ನ ಮದುವೇಲಿ ಆ ಡಬ್ಬಿ ಮುಟ್ಟೋಕೂ ಬಿಟ್ಟಿರಲಿಲ್ಲ ನಮ್ಮ ಮಾವ. ಓದಿದೋಳ ಕೈಗೆ ಕೊಟ್ಟಿದ್ದಕ್ಕೆ ಚೆನ್ನಾಗಿ ಮಾಡಿದೆ."

ತಾತ ಮಗ್ಗದ ಗುಂಡಿಯಲ್ಲೇ ಕೂತಿದ್ದರು. ಅರ್ಧ ನೇಯ್ದ ಬಟ್ಟೆಯ ಮೇಲೆ ಕೈ ಇತ್ತು. ಹೆಂಚಿನಿಂದ ನೀರು ಸುರಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ, ಕರೆಂಟಿಲ್ಲದೆ ಬೀದಿಯ ಪವರ್‌ಲೂಮುಗಳೂ ನಿಂತಿದ್ದವು. ನನಗೆ ಬಯ್ಗುಳ ಬೇಕಾಗಿತ್ತು.

"ತಾ ಇಲ್ಲಿ," ಎಂದು ಕೊನೆಗೆ ಕೈ ಚಾಚಿದರು.

ಒದ್ದೆಯ ತುಂಡನ್ನು, ಅದಕ್ಕೆ ಹೊಲಿದಿದ್ದ ಬಿಳಿ ಬಟ್ಟೆಯ ಸಮೇತ ಕೊಟ್ಟೆ. ಉಗುರಿನಿಂದ ಎಳೆಗಳನ್ನು ಒಂದೊಂದಾಗಿ ಎಣಿಸಿದರು. ಹೊಲಿಗೆ ಬಿಡಿಸಿ ಬಿಳಿ ಬಟ್ಟೆಯನ್ನು ಬೇರೆ ಮಾಡಿ, ಬಾಗಿಲ ಕಡೆ ಹಿಡಿದರು.

"ಇದು ಯಾರ ಬಟ್ಟೆ?"

"ಲ್ಯಾಬಿಂದು ತಾತ. ಪಕ್ಕಕ್ಕೆ ಹೊಲಿಯೋದು. ಬಣ್ಣ ಬಿಟ್ಟರೆ ಇದಕ್ಕೆ ಹತ್ತುತ್ತೆ."

"ಹತ್ತೈತಲ್ಲ."

ನಾನು ಅದುವರೆಗೆ ಅದನ್ನು ನೋಡಿಯೇ ಇರಲಿಲ್ಲ. ಬಿಳಿಯ ಮೇಲೆ ಒಂದರ ಪಕ್ಕ ಒಂದು, ಮಬ್ಬಾದ ಮೂರು ಕೆಂಪು ಗೆರೆ. ಯಂತ್ರ ತಿರುಗಿದ್ದರೆ ಬಣ್ಣ ಎಲ್ಲ ಕಡೆ ಹರಡಿರುತ್ತಿತ್ತು. ಕರೆಂಟು ಹೋಗಿ ಬಟ್ಟೆ ಅಲುಗದೆ ಬಿದ್ದಿದ್ದರಿಂದ ಎಳೆ ತಾಗಿದ ಜಾಗದಲ್ಲೇ ಅಚ್ಚು ಬಿದ್ದಿತ್ತು.

ತಾತ ತುಂಡನ್ನು ಮತ್ತೆ ಕೈಗೆತ್ತಿಕೊಂಡರು. "ಸಾವಿತ್ರಿ, ಆ ಟೀಚರ್ ಕೊಟ್ಟ ಫೋಟೋ ತಾ."

ತೊಡೆಯ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟರು. ಎರಡು ನೀಲಿ, ಮೂರು ಬಿಳಿ, ಎರಡು ನೀಲಿ. ಎರಡೂ ಒಂದೇ ಆಗಿದ್ದವು.

"ಅಮ್ಮಣಿ, ಸಿಪಾಯಿ ಚೀಲನ ಎಷ್ಟು ಸಲ ಒಗೆದಿರ್ತಾರೆ?"

"ಎಷ್ಟೋ ಸಲ ತಾತ. ಕಲ್ಲಿನ ಮೇಲೆ ಬಡಿದು ಒಗೆದಿರ್ತಾರೆ."

"ಹಂಗಾದ್ರೆ ಕೆಂಪು ಎಲ್ಲಿ ನಿಲ್ತದೆ?" ಎಂದರು. ಆ ಮಾತಿನಲ್ಲಿ ಮೊದಲ ಸಲ ಉಸಿರಿತ್ತು.

ಆ ರಾತ್ರಿಯೇ ಟೀಚರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿ, "ಇದರಿಂದ ಚೀಲ ಕೆಳಬೀದಿಯವರದೇ ಅಂತ ಹೇಳೋಕಾಗಲ್ಲ ಅನ್ನೋದು ಗೊತ್ತಾಯ್ತು, ಅಷ್ಟೇ," ಎಂದರು. "ರಾಮಲಿಂಗಂ ಅವರ ಮನೆಯದೇ ಅಂತ ಇನ್ನೂ ಹೇಳೋಕಾಗಲ್ಲ."

ಅವರ ಮಾತು ಸರಿಯಾಗಿತ್ತು. ಕೆಂಪು ಹೋದ ಗೆರೆಯೂ ಕೆಂಪೇ ಇಲ್ಲದ ಗೆರೆಯೂ ನೋಡಲು ಒಂದೇ. ನಾನು ಬಿಳಿ ಬಟ್ಟೆಯನ್ನು ಮುಂದಿಟ್ಟುಕೊಂಡು ಕೂತಿದ್ದೆ. ಹೋದ ಬಣ್ಣ ಎಲ್ಲೂ ಹೋಗುವುದಿಲ್ಲ, ಪಕ್ಕದ್ದಕ್ಕೆ ಹತ್ತುತ್ತದೆ. ಚೀಲದ ಹೊಲಿಗೆಯಲ್ಲಿ ಅಂಚಿನ ಒಂದಷ್ಟು ಭಾಗವನ್ನು ಮಡಿಸಿ ಒಳಗೆ ಹಾಕಿರುತ್ತಾರೆ. ಆ ಮಡಿಕೆಯೊಳಗೆ ಅಂಚಿಗೆ ತಾಗಿಕೊಂಡು ಬಿಳಿ ಬಟ್ಟೆ ಇದ್ದೇ ಇರುತ್ತದೆ. ಅಲ್ಲಿಗೆ ಒಗೆಯುವವನ ಕೈ ಸರಿಯಾಗಿ ಹೋಗುವುದಿಲ್ಲ. ಬೆಳಗಾಗುವುದನ್ನೇ ಕಾದು ಟೀಚರಿಗೆ ಹೇಳಿದೆ: ಮಡಿಕೆ ಬಿಡಿಸಿ ಒಳಗಡೆ ನೋಡಲು ಅವರಿಗೆ ಬರೆಯಿರಿ.

"ಬಿಡಿಸ್ತಾರಾ?" ಎಂದರು.

"ಕೇಳಿ ನೋಡಿ ಟೀಚರ್."

ಆಮೇಲೆ ಐದು ವಾರ ಕಾದೆವು. ಮಳೆ ಬರುತ್ತಲೇ ಇತ್ತು. ಬೆಟ್ಟದ ರೈಲಿನ ಹಳಿಯ ಮೇಲೆ ಮಣ್ಣು ಕುಸಿದು ರೈಲು ನಿಂತಿತು. ಸಾವಿತ್ರಿ ಅಕ್ಕ ನನ್ನ ಮೇಲೆ ಎರಡು ವಾರ ಮುನಿಸಿಕೊಂಡಿದ್ದು, ಮೂರನೆಯ ವಾರ ಒಂದು ಬೆಳಗ್ಗೆ ಏನೂ ಹೇಳದೆ ನನ್ನ ಡಬ್ಬಿಗೆ ಪುಳಿಯೋಗರೆ ಹಾಕಿದರು. ತಾತ ಒಂದು ದಿನವೂ ಬಯ್ಯಲಿಲ್ಲ. ಸಂಜೆ ನಾನು ಬಂದಾಗ "ಕಾಗದ ಬಂತಾ?" ಎಂದಷ್ಟೇ ಕೇಳುತ್ತಿದ್ದರು. ಇಲ್ಲ ಎಂದರೆ, "ಬರಲಿ, ಹಡಗಲ್ಲಿ ಬರಬೇಕಲ್ಲ," ಎನ್ನುತ್ತಿದ್ದರು. ಕಂಪ್ಯೂಟರಿನಲ್ಲಿ ಬರುತ್ತದೆ ಎಂದು ಹೇಳಿದರೂ ಕೇಳುತ್ತಿರಲಿಲ್ಲ. ಆ ದಿನಗಳಲ್ಲಿ ನಾನು ಲ್ಯಾಬಿನಲ್ಲಿ ಪ್ರತಿ ಕವರಿನ ಮೇಲೂ ಕತ್ತರಿ ಹಿಡಿಯುವ ಮುಂಚೆ ಎರಡು ಸಲ ಹೆಸರು ಓದುತ್ತಿದ್ದೆ. ಈಗಲೂ ಓದುತ್ತೇನೆ.

ಕಾರ್ತಿಕದ ಕೊನೆಯಲ್ಲಿ, ಬೆಟ್ಟ ಮತ್ತೆ ಕಾಣಿಸಿಕೊಂಡ ಒಂದು ಬೆಳಗ್ಗೆ, ಟೀಚರ್ ಬಂದರು. ಛತ್ರಿಯನ್ನು ಬಾಗಿಲಲ್ಲಿ ಇಡಲೂ ಮರೆತು ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ಕಾಗದದ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿದ ಫೋಟೋ ಇತ್ತು. ಮ್ಯೂಸಿಯಂನವರು ಮಡಿಕೆಯ ಹೊಲಿಗೆಯನ್ನು ಎರಡು ಅಂಗುಲದಷ್ಟು ಬಿಡಿಸಿದ್ದರು. ಒಳಗಿನ ಬಟ್ಟೆ ಹಳದಿಗೆ ತಿರುಗಿತ್ತು. ಅದರ ಮೇಲೆ ನೀಲಿಗೂ ನೀಲಿಗೂ ನಡುವಿನ ಜಾಗಕ್ಕೆ ಸರಿಯಾಗಿ ಮಸುಕು ಕೆಂಪು ಬಿದ್ದಿತ್ತು. ಮೂರು ಗೆರೆ ಎಂದು ಬೇರೆ ಬೇರೆಯಾಗಿ ಹೇಳಲಾಗದು. ಒಂದು ಕೆಂಪು ಪಟ್ಟಿ. ಆದರೆ ಕೆಂಪೇ.

ತಾತ ನೋಡಿದರು. ಫೋಟೋದ ಮೇಲೆ ಬೆರಳಿಟ್ಟು ಉಜ್ಜಿದರು, ಬಟ್ಟೆಯ ಮೇಲೆ ಉಜ್ಜುವ ಹಾಗೆ. "ಬಂದ್ಯಾ ಅಪ್ಪಾ," ಎಂದರು ಮೆಲ್ಲಗೆ. ನಮಗೆ ಯಾರಿಗೂ ಹೇಳಿದ್ದಲ್ಲ.

ಟೀಚರ್ ನೋಟ್‌ಬುಕ್ ತೆರೆದರು. "ಚೀಲದ ಬಟ್ಟೆ ಈ ಮನೆಯದು, ಅಂತ ಬರೀತೀನಿ. ನೇಯ್ದವರ ಹೆಸರು ಚೌಡಯ್ಯ ಅಂತ ಮನೆಯವರು ಹೇಳಿಕೊಂಡು ಬಂದಿದ್ದಾರೆ, ಅಂತ ಬರೀತೀನಿ. ಎರಡೂ ಬೇರೆ ಬೇರೆ ಸಾಲು."

"ಬೇರೆ ಬೇರೇನೇ ಇರಲಿ. ಬಾಬ್‌ಗಿಂತ ಮೇಲಾ, ಕೆಳಗಾ?"

"ಬಾಬ್ ನನ್ನ ಪುಸ್ತಕದಲ್ಲೇ ಇಲ್ಲ."

"ಪಾಪ," ಎಂದರು ತಾತ. "ಅವನೂ ಒಂದು ಜೀವ. ಒಂದು ಮೂಲೇಲಿ ಹಾಕಿ." ಸಾವಿತ್ರಿ ಅಕ್ಕ ನಕ್ಕುಬಿಟ್ಟರು. ಆ ಮಳೆಗಾಲದಲ್ಲಿ ಆ ಮನೆಯಲ್ಲಿ ನಾನು ಕೇಳಿದ ಮೊದಲ ದೊಡ್ಡ ನಗು ಅದು.

ಪುಸ್ತಕ ಮರುವರ್ಷ ಬಂತು. ಅಷ್ಟರಲ್ಲಿ ತಾತನಿಗೆ ಒಂದು ಕಣ್ಣಿನ ಪೊರೆ ತೆಗೆದಿದ್ದರು. ತಮಿಳಿನಲ್ಲಿದ್ದ ಆ ಎರಡು ಸಾಲನ್ನು ತಾವೇ, ಅಕ್ಷರ ಅಕ್ಷರವಾಗಿ, ಜೋರಾಗಿ ಓದಿದರು. ಡಬ್ಬಿಯಲ್ಲಿ ಈಗ ಕೆಂಪು ಹೋದ ತುಂಡು, ಬೆರಳಗಲದ ಚೂರು, ಕೆಂಪು ಹತ್ತಿದ ಬಿಳಿ ಬಟ್ಟೆ ಮೂರೂ ಒಟ್ಟಿಗೆ ಇವೆ. ಆಡಿ ಅಮಾವಾಸ್ಯೆಗೆ ಮೂರನ್ನೂ ಹೊರಗೆ ತೆಗೆಯುತ್ತಾರಂತೆ.

ನಾನು ತಿರುಪ್ಪೂರಿನ ಕೆಲಸಕ್ಕೆ ಹೊರಡುವ ವಾರ, ಹಾಳುಮಾಡಿದ್ದಕ್ಕೆ ಏನಾದರೂ ಕೊಡಬೇಕೆಂದು ತಾತನಿಗೆ ಹೇಳಿದೆ. ಅವರು ಗೆರೆಗೆ ಅಂಗಡಿಯ ಕೆಂಪು ನೂಲು ಬಳಸುತ್ತಿದ್ದರು. "ನಾನು ಲ್ಯಾಬಿನಲ್ಲಿ ನಿಮಗೆ ಒಂದು ಕೆಂಪು ಹಾಕಿಕೊಡ್ತೀನಿ ತಾತ. ನೂರು ಸಲ ಒಗೆದರೂ ಹೋಗಲ್ಲ."

ಲಾಳಿ ನಿಲ್ಲಿಸಿ ಯೋಚಿಸಿದರು.

"ಬೇಡ ಅಮ್ಮಣಿ. ಚೂರು ಬಿಡೋ ಬಣ್ಣ ಹಾಕ್ಕೊಡು. ಪಕ್ಕದ್ದಕ್ಕೆ ಹತ್ತಬೇಕು."

ಬಣ್ಣ ಬಿಡದ ಹಾಗೆ ಮಾಡುವುದನ್ನು ಕಲಿತವಳು ನಾನು. ಬಣ್ಣ ಬಿಡುವ ಕೆಂಪನ್ನು ಬೇಕೆಂದೇ ಹಾಕಿದ್ದು ಅದೊಂದೇ ಸಲ. ಒಂದು ಹಿಡಿ ನೂಲು. ಅದರಲ್ಲಿ ನೇಯ್ದ ಮೊದಲ ಟವೆಲನ್ನು ತಾತ ನನಗೇ ಕೊಟ್ಟರು. ಇಷ್ಟು ದಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಹೋದ ಭಾನುವಾರ ಮೊದಲ ಸಲ ನೀರಿಗೆ ಹಾಕಿದೆ.

ಗವಸನ್ನು ಹಗ್ಗದ ಮೇಲೆ ಹರವಿ, ಕೈ ಒರೆಸಿಕೊಂಡು ಪೆರಿಯನಾಯಕನಪಾಳ್ಯಂಗೆ ಫೋನ್ ಮಾಡಿದೆ. ಹಿಂದೆ ಲಾಳಿಯ ಸದ್ದು ಕೇಳಿಸುತ್ತಿತ್ತು.

"ತಾತ, ಟವೆಲ್ ಒಗೆದೆ."

ಸದ್ದು ನಿಂತಿತು.

"ಬಿಡ್ತಾ?"

"ಬಿಟ್ಟಿತು ತಾತ. ದಿಂಬಿನ ಗವಸಿಗೆ ಹತ್ತಿದೆ."

"ನಲ್ಲದು, ಒಳ್ಳೇದೇ ಆಯ್ತು," ಎಂದರು. "ಆ ಗವಸನ್ನ ಬಿಸಾಕಬೇಡ." ಲಾಳಿ ಮತ್ತೆ ಓಡಲು ಶುರುವಾಯಿತು.